ಏರಿ ಮೇಲೆ ನಿಂತವಳು

ಶೆಟ್ಟಿಹಳ್ಳಿ
13 ಜೂನ್ 2014

ಅತೀಯಾ,

ಫೋನ್ ಮಾಡಿ ಮಾಡಿ ಸಾಕಾಯ್ತು. ಮೆಸೇಜಿಗೂ ಜವಾಬಿಲ್ಲ. ಅದಕ್ಕೇ ಕಾಗದ. ಬಂದ ಕಾಗದವನ್ನ ನಿಮ್ಮ ಅಮ್ಮಿ ನಿನ್ನ ಕೈಗೆ ಕೊಡೋವರೆಗೂ ಬಿಡಲ್ಲ ಅಂತ ನನಗೆ ಗೊತ್ತು.

ಬೇರೆ ಮಾತಿಗಲ್ಲ, ಪೆಟ್ಟಿಗೆ ವಿಷಯಕ್ಕೆ ಬರೀತಿದೀನಿ. ಊರಿನ ಮುದುಕಿಯರ ಹಾಡು ಹಿಡಿದಿಡೋಕೆ ಅಂತ ನೀನೇ ಕೂತು ಮಾಡಿಕೊಟ್ಟಿದ್ದೆಯಲ್ಲ, ಆ ರೆಕಾರ್ಡಿಂಗ್ ಪೆಟ್ಟಿಗೆ. ಈಗಲೂ ನಮ್ಮತ್ತೆ ಮನೆ ಪಡಸಾಲೆಯಲ್ಲೇ ಇದೆ. ಗುರುವಾರ ನಾನು ಕಾಲೇಜಿಂದ ಬೇಗ ಬರ್ತೀನಿ. ಮಧ್ಯಾಹ್ನ ಹೆಂಗಸರು ಸೇರ್ತಾರೆ, ಯಾರಿಗೆ ಏನು ನೆನಪಾಗುತ್ತೋ ಅದನ್ನ ಹಾಡ್ತಾರೆ.

ಮುನಿನಾರಾಯಣಮ್ಮ ನಿನಗೆ ನೆನಪಿರಬೇಕು. ಎತ್ತರಕ್ಕಿದ್ದರು, ಮೊದಲ ದಿನ ಮೈಕನ್ನ ಸೌಟು ಹಿಡಿದ ಹಾಗೆ ಹಿಡ್ಕೊಂಡಿದ್ರು. ಶಿವರಾತ್ರಿ ಆದ ವಾರ ತೀರ್ಕೊಂಡ್ರು. ಅವರ ಒಂದೇ ಒಂದು ಹಾಡು ನಮ್ಮ ಹತ್ರ ಇರೋದು, ಗೆಳತೀನ ನೀರಿಗೆ ಕರೆಯೋ ಹಾಡು:

ಒತ್ತು ಮುಳುಗೈತೆ ಬಾರೆ, ಕೊಡ ಎತ್ಕೊಂಡು ಬಾರೆ
ಏರಿ ಮ್ಯಾಲೆ ನಾನೊಬ್ಳೆ ನಿಂತಿವ್ನಿ ಬಾರೆ

ನಿನ್ನೆ ಏನಾಯ್ತು ಅಂದ್ರೆ, ಪಕ್ಕದ ಬೀದಿ ರತ್ನವ್ವ ಬಂದಿದ್ರು. ಅವರು, ಮುನಿನಾರಾಯಣಮ್ಮ ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು, ಸಾಯೋವರೆಗೂ ಜೋಡಿ. ಯುಗಾದಿ ಆದಮೇಲೆ ರತ್ನವ್ವ ಹೊಲದ ಹಾಡು ಹಾಡಿದ್ರು. ಪೈರು ನೆಡೋವಾಗ ಹಾಡ್ತಿದ್ದದ್ದು. ಇಲ್ಲಿಂದ ಪಕ್ಕದ ಸಿಂಗಾಪುರ ಹಳ್ಳಿವರೆಗೆ ಇದ್ದ ಹೊಲಗಳ ಹೆಸರೆಲ್ಲ ಅದರಲ್ಲಿ ಬರುತ್ತೆ. ಈಗ ಎಲ್ಲ ಲೇಔಟ್, ಹೊಲವೂ ಇಲ್ಲ, ಹೆಸರೂ ಇಲ್ಲ, ಹಾಡು ಗೊತ್ತಿರೋದು ಅವರೊಬ್ಬರಿಗೇ. ಅದನ್ನ ಎಲ್ಲರಿಗೂ ಕೇಳಿಸೋಣ ಅಂತ ಪೆಟ್ಟಿಗೆ ಪರದೆ ಮೇಲೆ ರತ್ನವ್ವನ ಹೆಸರು ಒತ್ತಿದೆ. ಹಸಿರು ದೀಪ ಹತ್ತಿತು. ಬಂದದ್ದು ಮುನಿನಾರಾಯಣಮ್ಮನ ದನಿ.

ತಪ್ಪು ಒತ್ತಿದೆ ಅಂತ ನಿಲ್ಲಿಸಿ ಮತ್ತೆ ಒತ್ತಿದೆ. ಮತ್ತೆ ಅವರೇ. ಒತ್ತು ಮುಳುಗೈತೆ ಬಾರೆ.

ರತ್ನವ್ವ ಎದ್ದು ನಿಂತರು. ಯಾರ ಮುಖವನ್ನೂ ನೋಡಲಿಲ್ಲ. ಚಪ್ಪಲಿ ಕೂಡ ಹಾಕ್ಕೊಳ್ಳದೆ ಹೋದ್ರು.

ಏನಾಗಿದೆ ಅಂತ ಹೇಳು.

ಪದ್ಮಶ್ರೀ


ಆರ್.ಟಿ. ನಗರ
19 ಜೂನ್ 2014

ಪದ್ಮಶ್ರೀ,

ಕಾಗದ ತಲುಪಿತು. ಅಮ್ಮಿ ತಟ್ಟೆ ಪಕ್ಕದಲ್ಲೇ ಇಟ್ಟಿದ್ದರು.

ಹೆಸರು ಅದಲುಬದಲಾಗಿರಬಹುದು ಅಂತ ಮೊದಲು ಅನ್ನಿಸಿತು. ಆದರೆ ಹಾಗಾಗೋದು ಕಷ್ಟ. ಆ ಪೆಟ್ಟಿಗೆ ಹಾಡನ್ನ ಹೆಸರಿಂದ ಗುರುತಿಡಲ್ಲ, ಹೆಬ್ಬೆಟ್ಟಿನ ಗುರುತಿನಂಥ ಒಂದು ಗುರುತಿಂದ ಇಡುತ್ತೆ. ಪ್ರತಿ ಹಾಡನ್ನೂ ಲೆಕ್ಕಕ್ಕೆ ಹಾಕಿ ಅರೆದು ಒಂದು ಸಣ್ಣ ಗುರುತು ತೆಗೀತೀವಿ, ಅದಕ್ಕೆ ಹ್ಯಾಶ್ ಅಂತಾರೆ. ಹಾಡಿನಲ್ಲಿ ಒಂದು ಕೆಮ್ಮು ಜಾಸ್ತಿಯಾದರೂ ಗುರುತು ಪೂರ್ತಿ ಬೇರೆ. ಎರಡು ಹಾಡಿಗೆ ಒಂದೇ ಗುರುತು ಬರೋದು ಈ ಭೂಮಿ ಮೇಲೆ ಆಗೋ ಮಾತಲ್ಲ. ನೀವು ಒಂದೇ ಹಾಡನ್ನ ಪೆನ್‌ಡ್ರೈವಿಂದ ಮತ್ತೆ ಮತ್ತೆ ತುಂಬಿ ಜಾಗ ಹಾಳು ಮಾಡ್ತಿದ್ರಿ, ಅದಕ್ಕೇ ಈ ಏರ್ಪಾಡು. ಗುರುತು ಹಳೇದಾದರೆ ಪೆಟ್ಟಿಗೆ ಮತ್ತೆ ಬರಕೊಳ್ಳಲ್ಲ, ಇರೋದನ್ನೇ ತೋರಿಸುತ್ತೆ.

ಯುಗಾದಿಯಿಂದ ಈಚೆ ಮಾಡಿದ್ದನ್ನೆಲ್ಲ ಒಂದೊಂದಾಗಿ ಹಾಕಿ ನೋಡು. ಪೆಟ್ಟಿಗೆಯಲ್ಲಿರೋದನ್ನ ಪೂರ್ತಿ ಒಂದು ಡ್ರೈವಿಗೆ ಹಾಕಿ ಕೊರಿಯರ್ ಮಾಡು. ಪೆಟ್ಟಿಗೆ ಒಳಗಿರೋ ತರದ್ದೇ ಇನ್ನೊಂದು ಪುಟ್ಟ ಕಂಪ್ಯೂಟರ್ ಬೋರ್ಡು ನನ್ನ ಹತ್ರ ಇದೆ.

ಪೆಟ್ಟಿಗೆ ವಿಷಯ ಮಾತ್ರ ಬರಿ. ಬಾಗಲಗುಂಟೆ ಮನೆ ವಿಷಯ ಬರೆದರೆ ಉತ್ತರ ಬರಲ್ಲ. ಹೋದ ವರ್ಷ ನಿಮ್ಮಪ್ಪ ‘ಮಹಡಿ ಮನೆ ಸಾಬರಿಗೆ ಬಾಡಿಗೆಗೆ ಕೊಡಲ್ಲಮ್ಮ’ ಅಂದದ್ದು ನನಗೇನೂ ಹೊಸದಲ್ಲ. ಹೆಬ್ಬಾಳದಿಂದ ಯಲಹಂಕದವರೆಗೆ ಬೇಕಾದಷ್ಟು ಬಾಗಿಲಲ್ಲಿ ಕೇಳಿದೀನಿ. ಆ ಬಾಗಿಲಲ್ಲಿ ಪಕ್ಕಕ್ಕೆ ನೀನು ಸುಮ್ಮನೆ ನಿಂತಿದ್ದೆ, ಅಷ್ಟೇ ವ್ಯತ್ಯಾಸ.

ಅತೀಯಾ


ಶೆಟ್ಟಿಹಳ್ಳಿ
27 ಜೂನ್ 2014

ಅತೀಯಾ,

ಡ್ರೈವ್ ಇದರ ಜೊತೆಗಿದೆ.

ರತ್ನವ್ವನದು ಒಂದೇ ಅಲ್ಲ ಕಣೆ. ಮುನಿನಾರಾಯಣಮ್ಮ ಹೋದಮೇಲೆ ಪಡಸಾಲೆಯಲ್ಲಿ ಮಾಡಿದ್ದೆಲ್ಲ ನೋಡಿದೆ. ಪ್ರತಿ ಗುರುವಾರದ ಮೊದಲನೇ ಹಾಡು ಹೋಗಿದೆ. ಅದೇ ದಿನ ಆಮೇಲೆ ಹಾಡಿದ್ದು ಸರಿಯಾಗಿದೆ. ನಮ್ಮತ್ತೆ ದ್ರೌಪದಮ್ಮ ಬಾಣಂತಿಗೆ ಎಣ್ಣೆ ಒತ್ತೋ ಹಾಡು ಹಾಡಿದ್ರಲ್ಲ, ಅದನ್ನ ಒತ್ತಿದರೂ ಮುನಿನಾರಾಯಣಮ್ಮ. ಮೊದಲು ಹಾಡಿದವರಲ್ಲಿ ಯಾರ ಹೆಸರು ಒತ್ತಿದರೂ ಏರಿ ಮೇಲೆ ನಿಂತಿವ್ನಿ ಬಾರೆ. ಹಸಿರು ದೀಪ ಮಾತ್ರ ಎಲ್ಲ ಸರಿ ಇದೆ ಅನ್ನುತ್ತೆ.

ಅತ್ತೆ ಹೆದರಲಿಲ್ಲ. ಪೆಟ್ಟಿಗೆಗೆ ಅರಿಶಿನ ಕುಂಕುಮ ಇಟ್ಟು ಹೂ ಮುಡಿಸಿದ್ದಾರೆ. ‘ಪಾಪ, ಅವಳಿಗೊಂದೇ ಆಡು ಸಾಲಲಿಲ್ಲ’ ಅಂತಾರೆ. ಈಗ ಹಾಡೋಕೆ ಅಲ್ಲ, ಕೇಳೋಕೆ ಅಂತ ಜನ ಬರ್ತಿದಾರೆ. ‘ನನ್ನ ಎಸ್ರು ಒತ್ತು, ನನ್ನ ಎಸ್ರಲ್ಲೂ ಬರ್ತಾಳಾ ನೋಡಾನ’ ಅಂತ.

ರತ್ನವ್ವ ಮಾತ್ರ ಈ ಕಡೆ ತಲೆ ಹಾಕಿಲ್ಲ. ನಾನೇ ಹೋಗಿದ್ದೆ. ಇನ್ನೊಂದು ಸಲ ಹಾಡಿ ಅಂದೆ. ‘ಅವಳು ತಗೊಂಡವ್ಳೆ. ತಿರುಗ ಆಡಿದ್ರೆ ತಿರುಗ ತಗೊಂತಾಳೆ. ಆಮೇಲೆ ನನ್ನ ತಾವ ತಗೊಳಾಕೆ ಏನುಳೀತದೆ, ನಾನೇ’ ಅಂದ್ರು. ಹೊತ್ತು ಇಳಿಯೋಕೆ ಮುಂಚೆ ಬಾಗಿಲು ಹಾಕ್ಕೊಳ್ತಾರೆ. ನೀರಿನ ಕೊಡ ಬೋರಲು ಹಾಕಿಟ್ಟಿದ್ದಾರೆ, ಬಕೀಟಲ್ಲಿ ಹಿಡೀತಾರೆ. ಊಟ ಸರಿಯಾಗಿ ಮಾಡ್ತಿಲ್ಲ ಅಂತ ಸೊಸೆ ಅಳ್ತಾಳೆ.

ಇನ್ನೊಂದು ಹೇಳ್ತೀನಿ, ನಗಬೇಡ. ಸೋಮವಾರ ಅತ್ತೆ ಮದುವೆಗೆ ಹೋಗಿದ್ರು, ಮನೇಲಿ ನಾನೊಬ್ಬಳೇ. ಪಡಸಾಲೆ ತುಂಬ ಬಿಸಿಲು. ಮುನಿನಾರಾಯಣಮ್ಮನದು ಒಂದ್ಸಲ ಹಾಕಿ ನೋಡಿದೆ. ಪಾತ್ರೆ ತೊಳೆದು ಬಂದೆ. ಆಮೇಲೆ ಮೈಕ್ ಮುಂದೆ ಕೂತು, ‘ನಾನು ಪದ್ಮಶ್ರೀ, ಇದು ಪರೀಕ್ಷೆಗೆ’ ಅಂತ ಹೇಳಿ, ಸುಮ್ಮನೆ ಬಾಯಿಗೆ ಬಂದದ್ದು ಸ್ವಲ್ಪ ಮಾತಾಡಿದೆ. ಆ ಹೆಸರು ಒತ್ತಿದೆ.

ನನ್ನ ಬಾಯಿಂದ ಅವರು ಕರೀತಿದ್ರು ಅತೀ. ನನ್ನ ಹೆಸರಿನ ಮುಂದೆ ಹಸಿರು ದೀಪ, ಒಳಗಿಂದ ಅವರ ದನಿ, ಕೊಡ ಎತ್ಕೊಂಡು ಬಾರೆ ಅಂತ. ಬಾಗಿಲು ತೆಗೆದು ಬೀದಿಗೆ ಬಂದು ನಿಂತೆ. ಎದುರು ಮನೆಯವರು ಬಟ್ಟೆ ಒಣಗಿಸ್ತಿದ್ರು. ಏನ್ರೀ ಅಂದ್ರು. ಏನಿಲ್ಲ ಅಂದೆ.

ಪದ್ಮಶ್ರೀ


ಆರ್.ಟಿ. ನಗರ
8 ಜುಲೈ 2014

ಪದ್ದು,

ನಗಲಿಲ್ಲ.

ಡ್ರೈವಲ್ಲಿರೋದನ್ನೆಲ್ಲ ಇಲ್ಲಿನ ಬೋರ್ಡಿಗೆ ಹಾಕಿದೆ. ನಿನ್ನ ಪೆಟ್ಟಿಗೆ ಇದ್ದ ಹಾಗೇ ಇನ್ನೊಂದು. ಆಫೀಸಿಂದ ಬಂದು ದಿನಾ ಕೂತೆ. ಮುನಿನಾರಾಯಣಮ್ಮನ ಹಾಡು ಹಾಕೋದು, ಅದರ ಬೆನ್ನಿಗೇ ನನ್ನ ದನಿ ರೆಕಾರ್ಡ್ ಮಾಡೋದು, ತಿರುಗಿ ಕೇಳೋದು. ಪ್ರತಿ ಸಲ ನನ್ನ ದನಿಯೇ. ಗುರುತಿನ ಲೆಕ್ಕವನ್ನ ಬೋರ್ಡಿನ ಸಿಲಿಕಾನ್ ಚಿಪ್ಪಿನ ಕೈಲಿ ಮಾಡಿಸಿದೆ, ಲ್ಯಾಪ್‌ಟಾಪಲ್ಲಿ ಬೇರೆಯಾಗಿ ನಾನೂ ಮಾಡಿದೆ, ಎರಡೂ ಒಂದೇ. ಒಂದು ಸಲವೂ ತಪ್ಪಲಿಲ್ಲ. ನೀನು ಹೇಳಿದ್ದೆಲ್ಲ ಕಲ್ಪನೆ ಅಂತ ಬರೆಯೋಕೆ ಕಾಗದ ತಗೊಂಡಿದ್ದೆ.

ಆಮೇಲೆ ರಂಜಾನ್ ಬಂತು. ಶನಿವಾರ ಹಾಡು ಹಾಕಿದ್ದೆ, ಅಷ್ಟರಲ್ಲಿ ಮಸೀದೀಲಿ ಸೈರನ್ ಆಯ್ತು. ಎಲ್ಲ ಹಾಗೇ ಬಿಟ್ಟು ಎದ್ದೆ. ಇಫ್ತಾರು, ನಮಾಜು ಎಲ್ಲ ಮುಗಿಸಿ ಬಂದಾಗ ಅಮ್ಮಿ ಬಾಗಿಲಲ್ಲಿ ನಿಂತು ‘ಅದೇನು ದಿನಾ ಒಬ್ಬಳೇ ಮಾತಾಡ್ತೀಯ’ ಅಂದ್ರು. ‘ನೀವೇ ಏನಾದ್ರೂ ಹೇಳಿ’ ಅಂತ ಮೈಕ್ ಕೊಟ್ಟೆ. ನಾಚಿಕೊಂಡು, ಚಿಕ್ಕವರಿದ್ದಾಗ ಶಿರಾದಲ್ಲಿ ಅವರಪ್ಪನ ಮನೆ ಹಿಂದೆ ಇದ್ದ ಬೇವಿನ ಮರದ ಬಗ್ಗೆ ಹೇಳಿದ್ರು. ನನಗೆ ಯಾವತ್ತೂ ಹೇಳಿರಲಿಲ್ಲ ಅದನ್ನ.

ಒತ್ತಿದೆ. ನಿಮ್ಮೂರಿನ ಮುನಿನಾರಾಯಣಮ್ಮ ನಮ್ಮ ಆರ್.ಟಿ. ನಗರದ ರೂಮಲ್ಲಿ ಹಾಡಿದರು.

ಅಮ್ಮಿ ಸ್ವಲ್ಪ ಹೊತ್ತು ಕೇಳಿ, ‘ನಾನು ಹೇಳಿದ್ದು ಎಲ್ಲಿ ಹೋಯ್ತು?’ ಅಂದ್ರು. ನಾನು ತಂತಿ ಕಿತ್ತು ಬೋರ್ಡು ಆರಿಸಿದೆ, ಸುಳ್ಳು ಯಾಕೆ ಹೇಳಲಿ.

ಈಗ ಸರಿಯಾಗಿ ಯೋಚನೆ ಮಾಡಿ ಬರಿ. ಆ ಸೋಮವಾರ ನೀನು ಮೊದಲು ಅವರ ಹಾಡು ಹಾಕಿ, ಪಾತ್ರೆ ತೊಳೆಯೋಕೆ ಹೋದೆ. ಗುರುವಾರ ಹೆಂಗಸರು ಸೇರಿದಾಗ, ಮೊದಲನೆಯವರು ಹಾಡೋಕೆ ಮುಂಚೆ ಏನು ಮಾಡ್ತೀರಿ?

ಅತೀಯಾ


ಶೆಟ್ಟಿಹಳ್ಳಿ
11 ಜುಲೈ 2014

ಅತೀ,

ಮೊದಲು ಮುನಿನಾರಾಯಣಮ್ಮನ ಹಾಡು ಹಾಕ್ತೀವಿ.

ಅವರು ತೀರ್ಕೊಂಡ ಮೇಲಿನ ಮೊದಲ ಗುರುವಾರದಿಂದ. ಅವಳನ್ನ ನೆನೆಸ್ಕೊಂಡು ಶುರು ಮಾಡಾನ ಅಂತ ರತ್ನವ್ವನೇ ಹೇಳಿದ್ದು. ಎಲ್ಲರೂ ಕೈ ಮುಗಿದು ಕೇಳ್ತಾರೆ. ಆಮೇಲೆ ಅತ್ತೆ ಕಾಫಿ ಕೊಡ್ತಾರೆ, ಅವರ ಮಾತು ಬರುತ್ತೆ, ಒಬ್ಬಿಬ್ಬರು ಅಳ್ತಾರೆ. ಅದೆಲ್ಲ ಮುಗಿದ ಮೇಲೆ ಯಾರಾದರೂ ಹಾಡ್ತಾರೆ.

ಯಾಕೆ? ಅದರಲ್ಲಿ ತಪ್ಪೇನಿದೆ?

ಪದ್ದು


ಆರ್.ಟಿ. ನಗರ
14 ಜುಲೈ 2014

ಪದ್ದು,

ತಪ್ಪಿಲ್ಲ. ನೀವು ಮಾಡಿದ್ದರಲ್ಲಿ ಏನೂ ತಪ್ಪಿಲ್ಲ. ಆದರೆ ಆಗಿರೋದು ಅಲ್ಲೇ.

ಗುರುತು ತೆಗೆಯೋ ಲೆಕ್ಕ ದೊಡ್ಡದು, ಆ ಪುಟ್ಟ ಬೋರ್ಡಿಗೆ ಹೊರೆ. ಅದಕ್ಕೇ ಚಿಪ್ಪಿನ ಒಂದು ಮೂಲೇಲಿ ಆ ಒಂದು ಕೆಲಸಕ್ಕೇ ಒಂದು ಯಂತ್ರ ಇಟ್ಟಿರ್ತಾರೆ. ಅದರ ಹತ್ರ ಮಾತಾಡೋದು ಕರ್ನಲ್, ಅಂದರೆ ಇಡೀ ಪೆಟ್ಟಿಗೆಯನ್ನ ನಡೆಸೋ ಒಳಗಿನ ಪ್ರೋಗ್ರಾಮ್. ಕರ್ನಲ್ ಹಾಡನ್ನ ಯಂತ್ರದ ಮುಂದೆ ಇಡುತ್ತೆ, ‘ಆಯ್ತಾ’ ಅಂತ ಕೇಳುತ್ತೆ, ‘ಆಯ್ತು’ ಅಂದ ತಕ್ಷಣ ಅದರ ಕೈಯಲ್ಲಿರೋ ಗುರುತನ್ನ ತಗೊಳ್ಳುತ್ತೆ. ಹಾಡು ಹಾಕಿದಾಗಲೂ ಸರಿ ಇದೆಯಾ ಅಂತ ನೋಡೋಕೆ ಗುರುತು ತೆಗೆಯುತ್ತೆ. ಸ್ವಲ್ಪ ಹೊತ್ತು ಕೆಲಸ ಇಲ್ಲ ಅಂದ್ರೆ ಕರೆಂಟ್ ಉಳಿಸೋಕೆ ಯಂತ್ರವನ್ನ ಮಲಗಿಸುತ್ತೆ.

ಮಲಗುವಾಗ ಅದರ ಕೈ ಖಾಲಿ ಇರಲ್ಲ ಪದ್ದು. ಕೊನೇಲಿ ತೆಗೆದ ಗುರುತು ಹಾಗೇ ಇರುತ್ತೆ. ಎಬ್ಬಿಸಿ ಹೊಸ ಹಾಡು ಮುಂದಿಟ್ಟಾಗ, ಅದು ಇನ್ನೂ ಅರ್ಧ ಎಚ್ಚರದಲ್ಲಿ, ಹಿಂದಿನ ‘ಆಯ್ತು’ ಅನ್ನೋದನ್ನೇ ಹೇಳಿಬಿಡುತ್ತೆ. ಕರ್ನಲ್ ನಂಬಿ ಹಳೇ ಗುರುತು ತಗೊಳ್ಳುತ್ತೆ. ಎದ್ದ ಮೇಲಿನ ಮೊದಲ ಸಲ ಮಾತ್ರ ಹೀಗೆ. ಬಿಡದೆ ಕೆಲಸ ಕೊಡ್ತಾ ಇದ್ದರೆ ಅದು ಮಲಗೋದೇ ಇಲ್ಲ, ತಪ್ಪೋದೂ ಇಲ್ಲ. ನಾನು ಎದ್ದು ಹೋಗದೆ ಕೂತಿದ್ದಷ್ಟು ದಿನ ನನಗೆ ಕಾಣಲಿಲ್ಲ.

ನೀವು ಅವರ ಹಾಡು ಹಾಕಿ ಕೈ ಮುಗೀತೀರಿ. ಕಾಫಿ ಕುಡಿಯೋವಾಗ ಯಂತ್ರ ಅವರ ಗುರುತು ಹಿಡ್ಕೊಂಡು ಮಲಗುತ್ತೆ. ಆಮೇಲೆ ರತ್ನವ್ವ ಹಾಡ್ತಾರೆ. ಅದು ಎದ್ದು ಮುನಿನಾರಾಯಣಮ್ಮನ ಗುರುತನ್ನೇ ಕೊಡುತ್ತೆ. ಈ ಹಾಡು ಆಗಲೇ ನಮ್ಮ ಹತ್ರ ಇದೆ ಅಂತ ಪೆಟ್ಟಿಗೆ ಅಂದ್ಕೊಳ್ಳುತ್ತೆ. ಬರಕೊಳ್ಳಲ್ಲ.

ಮುಂದಿನ ಮಾತನ್ನ ನಿಧಾನಕ್ಕೆ ಓದು. ಆ ಹಾಡುಗಳು ಒಳಗೆಲ್ಲೋ ಸಿಕ್ಕಿಹಾಕ್ಕೊಂಡಿಲ್ಲ, ಅಳಿಸಿಯೂ ಹೋಗಿಲ್ಲ. ಅವನ್ನ ಬರಕೊಂಡೇ ಇಲ್ಲ. ಹುಡುಕೋ ಜಾಗವೇ ಇಲ್ಲ. ರತ್ನವ್ವ ಹಾಡಿದ್ದು, ಅತ್ತೆ ಹಾಡಿದ್ದು, ನೀನು ಆ ಬಿಸಿಲಲ್ಲಿ ಕೂತು ಹೇಳಿದ್ದು, ಅಮ್ಮಿಯ ಬೇವಿನ ಮರ, ಯಾವುದೂ ಎಲ್ಲೂ ಇಲ್ಲ.

ಕರ್ನಲ್ಲಿನ ಈ ಭಾಗ ಬೋರ್ಡಿನ ಜೊತೆಗೇ ಬಂದದ್ದು, ಬರೆದವರು ಯಾರೋ. ಸರಿ ಮಾಡೋದು ಕೆಲವೇ ಸಾಲು: ಎಬ್ಬಿಸಿದಾಗ ಮೊದಲು ಕೈ ಖಾಲಿ ಮಾಡಿಸು, ನಿಜವಾಗಿ ಮುಗಿಯೋವರೆಗೆ ಕಾಯಿ. ಬರೆದಿದೀನಿ. ರಂಜಾನ್ ಕಳೀಲಿ, ನಾನೇ ಬಂದು ಹಾಕ್ತೀನಿ. ಬರಲಾ ಅಂತ ಕೇಳ್ತಿಲ್ಲ.

ರತ್ನವ್ವ ಮತ್ತೆ ಹಾಡಲೇಬೇಕು. ಅವರನ್ನ ಒಪ್ಪಿಸು.

ಅತೀಯಾ


ಶೆಟ್ಟಿಹಳ್ಳಿ
19 ಜುಲೈ 2014

ಅತೀ,

ನಿನ್ನ ಕಾಗದ ತಗೊಂಡು ರತ್ನವ್ವನ ಮನೆಗೆ ಹೋದೆ. ಮಂಚದ ಪಕ್ಕ ಕೂತು, ಯಂತ್ರ ಅನ್ನೋ ಕಡೆ ಆಳು ಅಂತ ಹೇಳ್ತಾ, ಪೂರ್ತಿ ಹೇಳಿದೆ. ಮಲಗೋದು, ಕೈಯಲ್ಲಿ ಹಿಡ್ಕೊಂಡಿರೋದು, ಎದ್ದು ಅದನ್ನೇ ಕೊಡೋದು. ಭಯ ಹೋಗುತ್ತೆ ಅಂದ್ಕೊಂಡಿದ್ದೆ.

‘ನಾನೂ ಅದನ್ನೇ ಯೇಳಿದ್ದಲ್ಲೇನವ್ವ’ ಅಂದ್ರು. ‘ಅವ್ಳು ಕೈ ಬಿಡ್ತಿಲ್ಲ ಅಂತ.’

ನಾನು ಕಾಗದ ಮಡಿಸಿ ಬ್ಯಾಗಿಗೆ ಹಾಕಿದೆ.

ಆ ಹಾಡಿಗೆ ಜವಾಬು ಇದೆಯಂತೆ ಅತೀ! ಇಷ್ಟು ವರ್ಷ ಹಾಡು ಹುಡುಕ್ತಾ ಓಡಾಡ್ತಿದೀನಿ, ಯಾರೂ ಹೇಳಿರಲಿಲ್ಲ. ಕರೆಯೋಳು ಏರಿ ಮೇಲಿಂದ ಕರೀತಾಳೆ, ಕರೆಸಿಕೊಂಡೋಳು ಬಾಗಿಲಲ್ಲಿ ನಿಂತು ಜವಾಬು ಕೊಡ್ತಾಳೆ. ಜವಾಬಿನ ಭಾಗ ಯಾವಾಗಲೂ ರತ್ನವ್ವನದು. ಮುನಿನಾರಾಯಣಮ್ಮ ರೆಕಾರ್ಡ್ ಮಾಡಿದ ದಿನ ಇವರು ಮಗಳ ಮನೆಗೆ ಹೋಗಿದ್ರು. ಹಾಗಾಗಿ ಕರೆದದ್ದು ಮಾತ್ರ ಉಳೀತು.

‘ಆ ಜವಾಬು ಹಾಡಿ’ ಅಂದೆ. ಆಸೆ ತಡೆಯೋಕೆ ಆಗಲಿಲ್ಲ. ನನ್ನ ಕಡೆ ನೋಡಿದ್ರು ನೋಡು, ಆ ನೋಟ. ‘ಸತ್ತೋಳಿಗೆ ಬಂದೆ ಅಂತ ಯೇಳು ಅಂತೀಯಾ?’

ಕೊನೆಗೆ ಒಂದಕ್ಕೆ ಒಪ್ಪಿದ್ದಾರೆ. ಹೊಲದ ಹಾಡು ಹಾಡ್ತಾರಂತೆ. ಆದರೆ ಪೆಟ್ಟಿಗೆ ಮಾಡಿದ ಹುಡುಗಿ ಎದುರಿಗೆ ಕೂರಬೇಕು, ಬೇರೆ ಯಾರೂ ಇರಬಾರದು. ನಾನೂ ಕೂಡ. ‘ನೀನಿದ್ರೆ ಬರ್ಕೊಂತೀಯ’ ಅಂದ್ರು.

ಹಬ್ಬ ಮುಗಿಸಿ ಬಾ.

ಪದ್ದು


ಆರ್.ಟಿ. ನಗರ
3 ಆಗಸ್ಟ್ 2014

ಪದ್ದು,

ಗುರುವಾರ ಹೊರಗೆ ಬಂದಾಗ ನೀನು ಜಗುಲಿ ಮೇಲೆ ಕೂತು ‘ಏನಾಯ್ತು’ ಅಂದೆ. ಹಾಡಿದ್ರು, ಉಳೀತು ಅಂತ ಮಾತ್ರ ಹೇಳಿ ಬಸ್ ಹತ್ತಿದೆ. ಉಳಿದದ್ದನ್ನ ಬಾಯಲ್ಲಿ ಹೇಳೋಕೆ ಆಗ್ತಿರಲಿಲ್ಲ.

ಬಾಗಿಲು ಹಾಕಿದ ಮೇಲೆ ಮೊದಲು ನನ್ನ ಮುಖ ನೋಡಿದ್ರು. ‘ಸಾಬರ ಉಡುಗಿನಾ?’ ‘ಹೂಂ ಅಜ್ಜಿ.’ ‘ನಿಮ್ಮಲ್ಲಿ ಸತ್ತೋರು ಎಲ್ಲಿರ್ತಾರೆ?’ ಮಣ್ಣಲ್ಲಿರ್ತಾರೆ, ಕಯಾಮತ್, ಅಂದರೆ ಕೊನೇ ತೀರ್ಪಿನ ದಿನ ಬರೋವರೆಗೆ ಕಾಯ್ತಿರ್ತಾರೆ ಅಂತ ಅಮ್ಮಿ ಹೇಳ್ತಾರೆ, ಅಂದೆ. ‘ಕಾಯ್ತಿರ್ತಾರೆ’ ಅಂದ್ರು. ‘ಅದು ಸರಿ.’

ನಾನು ಕರ್ನಲ್ ಬದಲಾಯಿಸಿ ಪೆಟ್ಟಿಗೆ ಎಬ್ಬಿಸಿದೆ. ಮೊದಲು ಮುನಿನಾರಾಯಣಮ್ಮನ ಹಾಡು ಹಾಕು ಅಂದ್ರು. ಬೇಡ ಅನ್ನಲಿಲ್ಲ, ನನಗೂ ಅದೇ ಪರೀಕ್ಷೆ ಬೇಕಿತ್ತು. ಹಾಡು ಮುಗಿದ ಮೇಲೆ ಇಬ್ಬರೂ ಸುಮ್ಮನೆ ಕೂತ್ವಿ. ಯಂತ್ರ ಮಲಗಿದ್ದು ನನ್ನ ಲ್ಯಾಪ್‌ಟಾಪಲ್ಲಿ ಕಾಣಿಸ್ತು. ‘ಈಗ ಹಾಡಿ’ ಅಂದೆ.

ಹಾಡಿದ್ರು. ಹುಣಸೆಗುಂಡಿ, ಮೂಗಿ ಹೊಲ, ಸೊಸೆ ಬಿಟ್ಟ ಹೊಲ. ಪ್ರತಿ ಹೆಸರಿಗೂ ಬೆನ್ನು ಸ್ವಲ್ಪ ಬಾಗ್ತಿತ್ತು, ಕೈಯಲ್ಲಿ ಪೈರು ಇದ್ದ ಹಾಗೆ. ಮುಗಿದ ಮೇಲೆ ಒತ್ತಿದೆ. ಅವರದೇ ದನಿ. ಗುರುತು ಹೊಸದು.

ಅವರ ಮುಖದಲ್ಲಿ ಖುಷಿ ಇರಲಿಲ್ಲ. ‘ಒಂಟೋದ್ಲಾ?’ ಅಂದ್ರು.

‘ಯಾರು ಅಜ್ಜಿ?’

‘ಮುನಿ.’

‘ಇಲ್ಲೇ ಇದ್ದಾರೆ. ಅವರ ಹೆಸರು ಒತ್ತಿದ್ರೆ ಬರ್ತಾರೆ.’

‘ಅದು ನಾವು ಕರೆಸ್ಕೊಂಬೋದು. ಅವಳಾಗೆ ಅವಳು ಬರ್ತಿದ್ಲಲ್ಲ, ಅದು?’

‘ಅದು ಇನ್ನು ಇಲ್ಲ’ ಅಂದೆ.

ಅವರು ನನ್ನ ಬ್ಯಾಗಿನ ಕಡೆ ಕೈ ತೋರಿಸಿದ್ರು. ಹೋಲಿಸಿ ನೋಡೋಕೆ ಅಂತ ಮನೆಯ ಬೋರ್ಡನ್ನೂ ತಂದಿದ್ದೆ. ಅದೇನು ಅಂದ್ರು. ಸುಳ್ಳು ಹೇಳಬಹುದಿತ್ತು. ಇದೂ ಅಂಥದ್ದೇ, ಇನ್ನೂ ಸರಿ ಮಾಡಿಲ್ಲ ಅಂದೆ.

‘ಇದರಾಗೆ ಆಡಿದ್ದು ಎಲ್ಲಿಗೋಗ್ತದೆ?’

‘ಎಲ್ಲಿಗೂ ಹೋಗಲ್ಲ ಅಜ್ಜಿ. ಉಳಿಯಲ್ಲ, ಅಷ್ಟೇ.’

‘ಉಳೀದಿದ್ರೆ ಓಗಿರ್ಬೇಕಲ್ಲ’ ಅಂದ್ರು.

ನೀನಿದ್ದಿದ್ರೆ ಬೇಡ ಅಂತಿದ್ದೆಯೋ ಏನೋ. ನಾನು ಆ ಬೋರ್ಡು ತೆಗೆದು ಜೋಡಿಸಿದೆ. ಮುನಿನಾರಾಯಣಮ್ಮನ ಹಾಡು ಹಾಕಿದೆ. ಯಂತ್ರ ಮಲಗಿತು. ಅವರು ಮೈಕ್ ಕಡೆ ಕೂರಲಿಲ್ಲ. ಎದ್ದು ಹೋಗಿ ಹಿತ್ತಲ ಬಾಗಿಲಿಗೆ ಒರಗಿ, ಹೊರಗಿನಿಂದ ಯಾರೋ ಕರೆದ ಹಾಗೆ ಮುಖ ತಿರುಗಿಸಿ, ಆ ಜವಾಬನ್ನ ಸಣ್ಣ ದನಿಯಲ್ಲಿ ಹಾಡಿದರು. ಪೂರ್ತಿ. ಉಳಿಯಲ್ಲ ಅಂತ ಗೊತ್ತಿದ್ದು ಹಾಡಿದರು.

ನಿಲ್ಲಿಸಿದೆ. ಹಸಿರು ದೀಪ. ರತ್ನವ್ವನ ಹೆಸರು ಒತ್ತಿದೆ. ಏರಿ ಮ್ಯಾಲೆ ನಾನೊಬ್ಳೆ ನಿಂತಿವ್ನಿ ಬಾರೆ.

ಅವರು ಕಣ್ಣು ಮುಚ್ಚಿ ಕೇಳಿ, ‘ಈಗ ಸಿಟ್ಟಿಲ್ಲ ಅವಳಿಗೆ, ನೋಡು. ದನಿ ಇಳಿದೈತೆ’ ಅಂದ್ರು.

ಮನೆಗೆ ಬಂದು ಅಳೆದೆ. ಅದೇ ಹಾಡು. ಒಂದು ಚುಕ್ಕೆ ವ್ಯತ್ಯಾಸ ಇಲ್ಲ. ಗುರುತು ಮೊದಲಿಂದ ಕೊನೆಯವರೆಗೆ ಅದೇ. ನಾನು ಕಣ್ಣಾರೆ ಹೋಲಿಸಿ ನೋಡಿದೀನಿ. ಆದರೆ ಪದ್ದು, ಆ ಪಡಸಾಲೆಯಲ್ಲಿ ಕೂತಿದ್ದಾಗ ನನಗೂ ಹಾಗೇ ಕೇಳಿಸಿತು.

ಏನು ಹಾಡಿದರು ಅಂತ ಕೇಳಬೇಡ. ನೆನಪಿದೆ. ಹೇಳಲ್ಲ ಅಂತ ಮಾತು ಕೊಟ್ಟು ಬಂದಿದೀನಿ.

ಅತೀಯಾ


ಶೆಟ್ಟಿಹಳ್ಳಿ
20 ಆಗಸ್ಟ್ 2014

ಅತೀ,

ನಿನ್ನ ಕಾಗದ ಓದಿ ಎಷ್ಟು ಸಿಟ್ಟು ಬಂತು ಅಂದ್ರೆ ಇಷ್ಟು ದಿನ ಉತ್ತರ ಬರೀಲಿಲ್ಲ. ಒಬ್ಬರಿಗೇ ಗೊತ್ತಿದ್ದ ಹಾಡು. ಗೋಡೆಯ ಈಚೆ ನಾನು ಕೂತಿದ್ದೆ. ನೀನು ಬೇಕಂತಲೇ ಅದನ್ನ ಉಳಿಯದ ಕಡೆ ಹಾಡಿಸಿದೆ. ಪಕ್ಕದಲ್ಲಿ ನಿನ್ನ ಫೋನಿತ್ತು, ಅದರಲ್ಲಾದರೂ ಹಿಡೀಬಹುದಿತ್ತು. ಹಿಡೀಲಿಲ್ಲ ಅಂತ ನನಗೆ ಗೊತ್ತು. ನೀನು ಹಾಗೆ ಮಾಡೋಳಲ್ಲ.

ರತ್ನವ್ವ ಈಗ ಸಂಜೆ ಬಾಗಿಲು ತೆಗೆದಿಟ್ಟು ಹೊಸ್ತಿಲ ಮೇಲೆ ಕೂರ್ತಾರೆ. ಕೊಡ ಎತ್ತಿ ನಿಲ್ಲಿಸಿದ್ದಾರೆ. ಊಟ ಸೇರ್ತಿದೆ. ಹೋದ ಭಾನುವಾರ ನನ್ನನ್ನ ಕರ್ಕೊಂಡು ಲೇಔಟ್ ಎಲ್ಲ ಸುತ್ತಿಸಿದ್ರು. ಪೆಟ್ಟಿಗೆಯಿಂದ ಹೊಲದ ಹಾಡನ್ನ ಫೋನಿಗೆ ಹಾಕ್ಕೊಂಡಿದ್ದೆ. ಹಾಡು ಮುಂದೆ ಮುಂದೆ, ನಾವು ಹಿಂದೆ. ಸೊಸೆ ಬಿಟ್ಟ ಹೊಲ ಈಗೊಂದು ಮೊಬೈಲ್ ಅಂಗಡಿ, ಪಕ್ಕದಲ್ಲಿ ಬೇಕರಿ. ರತ್ನವ್ವ ಬೇಕರಿಯವನಿಗೆ ‘ಇಲ್ಲಿ ಕಾಲಿಟ್ರೆ ಮೊಣಕಾಲ್ಗಂಟ ಕೆಸ್ರು ಕಣಪ್ಪ’ ಅಂದ್ರು. ಅವನು ಪಾಪ ಕೆಳಗೆ ನೋಡ್ಕೊಂಡ.

ಕೆರೆ ಏರಿಗೆ ಬಂದಾಗ ಹೊತ್ತು ಇಳಿದಿತ್ತು. ಅಲ್ಲಿ ರತ್ನವ್ವ ನಿಂತರು. ಏರಿ ಮೇಲೆ ಯಾರೂ ಇರಲಿಲ್ಲ, ಒಂದು ಆಟೋ ಮಾತ್ರ ಹೋಯ್ತು. ಅವರು ಪಕ್ಕಕ್ಕೆ ಸ್ವಲ್ಪ ಸರಿದು, ಯಾರಿಗೋ ದಾರಿ ಬಿಟ್ಟ ಹಾಗೆ ನಿಂತು, ‘ಊಂ, ನಡಿ’ ಅಂದ್ರು. ನನಗೆ ಅಂದದ್ದು ಅಂತ ನಾನು ನಡೆದೆ. ಅವರು ನನ್ನ ಕಡೆ ನೋಡ್ತಿರಲಿಲ್ಲ.

ಸುದ್ದಿ ಹೇಗೋ ಹರಡಿದೆ. ಅತ್ತೆ ಕೇಳ್ತಾರೆ, ಎದುರು ಮನೆಯವರು ಕೇಳ್ತಾರೆ, ‘ಆ ಸರಿ ಮಾಡ್ದೆ ಇರೋ ಪೆಟ್ಟಿಗೆ ಒಂದ್ಸಲ ತರಿಸ್ತೀಯಾ’ ಅಂತ. ಎಲ್ಲರಿಗೂ ಯಾರಿಗೋ ಏನೋ ಹೇಳೋದು ಬಾಕಿ ಇದೆ. ಇಲ್ಲ, ಅದನ್ನೂ ಸರಿ ಮಾಡಿಬಿಟ್ರು ಅಂತ ಸುಳ್ಳು ಹೇಳಿದೀನಿ.

ನನಗೂ ಒಂದು ಮಾತು ಹೇಳೋದಿದೆ ಅತೀ. ಹೋದ ವರ್ಷದಿಂದ ಬಾಯಿಗೆ ಬಂದು ನಿಲ್ಲುತ್ತೆ. ಆ ಸೋಮವಾರ ಬಿಸಿಲಲ್ಲಿ ಪೆಟ್ಟಿಗೆ ಮುಂದೆ ಹೇಳಿದ್ದೂ ಅದೇ. ಆಗ ಉಳಿಯಲ್ಲ ಅಂತ ಗೊತ್ತಿರಲಿಲ್ಲ. ಈಗ ಗೊತ್ತಿದ್ದು ಇನ್ನೊಂದ್ಸಲ ಹೇಳ್ತೀನಿ. ನಿಮ್ಮನೆಗೆ ಬರಲಾ? ಬಾಗಿಲು ಹಾಕ್ಕೊಂಡು ಅದರ ಮುಂದೆ ಸ್ವಲ್ಪ ಹೊತ್ತು ಕೂತು ಬರ್ತೀನಿ.

ಪದ್ದು


ಆರ್.ಟಿ. ನಗರ
2 ಸೆಪ್ಟೆಂಬರ್ 2014

ಪದ್ದು,

ನಾನು ಬರೆದ ತಿದ್ದುಪಡಿಯನ್ನ ಕರ್ನಲ್ ನೋಡ್ಕೊಳ್ಳೋರಿಗೆ ಕಳಿಸಿದ್ದೆ. ಯಾವುದೋ ದೇಶದವನೊಬ್ಬ ಎರಡು ಸಾಲು ಬದಲಾಯಿಸು ಅಂದ, ಬದಲಾಯಿಸಿದೆ. ತಗೊಂಡರು. ಹೊಸ ಕರ್ನಲ್ ಹಾಕಿದ ಕಡೆಯೆಲ್ಲ ಆ ಚಿಪ್ಪು ಇನ್ನು ಕೈ ಖಾಲಿ ಮಾಡಿಕೊಂಡೇ ಏಳುತ್ತೆ. ಯಾಕೆ ಬೇಕಾಯ್ತು ಅಂತ ಬರೀಬೇಕಿತ್ತು. ‘ಎದ್ದ ಮೇಲಿನ ಮೊದಲ ಉತ್ತರ ಹಳೆಯದಾಗಿರುತ್ತೆ’ ಅಂತ ಬರೆದೆ. ಬೇರೇನು ಬರೀಲಿ?

ಮನೆಯ ಬೋರ್ಡನ್ನೂ ಸರಿ ಮಾಡಬೇಕು ಅಂತ ಹೋದ ವಾರ ಆಫೀಸಿಂದ ಬೇಗ ಬಂದೆ. ಬಾಗಿಲು ತೆಗೆಯೋವಾಗ ಒಳಗೆ ಮಾತು ಕೇಳಿಸ್ತು. ನನ್ನ ರೂಮಲ್ಲಿ ಅಮ್ಮಿ ಚಾಪೆ ಹಾಕ್ಕೊಂಡು ಪೆಟ್ಟಿಗೆ ಮುಂದೆ ಕೂತಿದ್ರು. ಪಕ್ಕದಲ್ಲಿ ಬಿಡಿಸಿದ ಹುರಳಿಕಾಯಿ. ನಾನು ಮಾಡೋದನ್ನ ನೋಡಿ ನೋಡಿ ಕಲ್ತಿದ್ದಾರೆ: ಆ ಹಾಡು ಹಾಕೋದು, ತರಕಾರಿ ಬಿಡಿಸ್ತಾ ಅದು ಮಲಗೋವರೆಗೆ ಕಾಯೋದು, ಆಮೇಲೆ ಮಾತಾಡೋದು. ಅಬ್ಬಾ ಹತ್ರ ಮಾತಾಡ್ತಿದ್ರು. ಅಬ್ಬಾ ಹೋಗಿ ಮೂರು ವರ್ಷ ಆಯ್ತು, ಮನೇಲಿ ಅವರ ಹೆಸರೆತ್ತಿದರೆ ಅಮ್ಮಿ ಎದ್ದು ಅಡುಗೆಮನೆಗೆ ಹೋಗ್ತಾರೆ. ಈಗ ನೀರು ಬರೋ ಹೊತ್ತು ಬದಲಾಗಿದೆ, ಮೊಣಕಾಲು ನೋವು ಇಳಿದಿದೆ, ಹುಡುಗಿ ಊಟ ಬಿಡ್ತಾಳೆ, ಅಂತ ಒಂದೊಂದೇ ಹೇಳ್ತಿದ್ರು. ಮುಗಿಸಿ ತಾವೇ ಒತ್ತಿದ್ರು.

ಮುನಿನಾರಾಯಣಮ್ಮ ಕರೆದರು. ಅಮ್ಮಿ ಕೆನ್ನೆಗೆ ಕೈ ಇಟ್ಕೊಂಡು, ಪ್ರತಿ ಸಾಲಿಗೂ ‘ಹಾಂ, ಹಾಂ’ ಅಂತಿದ್ರು.

‘ಅಮ್ಮಿ, ಅದು ಅಬ್ಬಾ ದನಿ ಅಲ್ಲ’ ಅಂದೆ.

ಬೆಚ್ಚಲಿಲ್ಲ. ‘ನನಗೆ ಗೊತ್ತಿಲ್ವಾ’ ಅಂದ್ರು. ‘ಈ ಅಮ್ಮ ಅಲ್ಲೇ ದಾರೀಲಿ ನಿಂತಿದ್ದಾರೆ. ಅವರ ಕೈಲಿ ಹೇಳಿ ಕಳಿಸ್ತೀನಿ.’

ನಾನು ಆ ಬೋರ್ಡು ಮುಟ್ಟಲಿಲ್ಲ. ಎತ್ತಿ ಅಮ್ಮಿ ರೂಮಲ್ಲಿ, ಕಿಟಕಿ ಪಕ್ಕ ಇಟ್ಟೆ. ಒಂದೊಂದು ಮಧ್ಯಾಹ್ನ ರಜಾ ಹಾಕಿ ಮನೇಲಿದ್ದರೆ ಗೋಡೆಯಾಚೆ ಅವರಿಬ್ಬರ ದನಿ ಕೇಳುತ್ತೆ. ಒಂದು ನಮ್ಮ ದಖ್ನಿ ಉರ್ದು, ಒಂದು ನಿಮ್ಮೂರ ಕನ್ನಡ. ಮೊನ್ನೆ ಅಮ್ಮಿ ನಕ್ಕರು. ಯಾಕೆ ಅಂತ ಕೇಳೋಕೆ ನನಗೆ ಧೈರ್ಯ ಬರಲಿಲ್ಲ.

ನೀನು ಬಾ. ಶುಕ್ರವಾರ ಬಿಟ್ಟು ಯಾವತ್ತಾದರೂ ಬಾ. ಆದರೆ ಆ ಮಾತನ್ನ ಪೆಟ್ಟಿಗೆಗೆ ಹೇಳಬೇಡ. ಅದರೊಳಗೆ ಹೋದದ್ದು ಯಾರಿಗೆ ತಲುಪುತ್ತೋ ನನಗೆ ಗೊತ್ತಿಲ್ಲ, ನನಗಂತೂ ತಲುಪಲ್ಲ. ನಿನ್ನ ಆ ಸೋಮವಾರವನ್ನ ನಾನು ಎಲ್ಲ ಕಡೆ ಹುಡುಕಿದೀನಿ.

ನಾವು ಅಡುಗೆಮನೇಲಿ ಕೂತ್ಕೊಳ್ಳೋಣ. ನನಗೇ ಹೇಳು.

ನಿನ್ನ,
ಅತೀ